ನಾವು ನೋಡಿದ ಸಿನಿಮಾ, ಅಮ್ಮ ಓದಿದ ಪುಸ್ತಕ

ಸ್ಮರಣ ಸಂಚಿಕೆಗೆ ಏನಾದರೂ ಹಗುರವಾದದ್ದು ಬರೆದುಕೊಡಿ, ನಮ್ಮ ಕಾಲದ ಸಿನಿಮಾಗಳ ಬಗ್ಗೆಯಾದರೆ ಎಲ್ಲರೂ ಓದುತ್ತಾರೆ ಎಂದು ಸಮಿತಿಯವರು ಹೇಳಿದಾಗ ಒಪ್ಪಿಕೊಂಡೆ. ಅವರ ಮಾತು ನಿಜ. ಶನಿವಾರ ಬೆಳಗ್ಗೆ ಮಕ್ಕಳನ್ನು ತರಗತಿಗೆ ಬಿಟ್ಟು, ಕಾರಿಡಾರಿನಲ್ಲಿ ನಿಂತು ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುವ ಪೋಷಕರ ನಡುವೆ, ಮನೆ ಸಾಲದ ಬಡ್ಡಿಯ ಮಾತು ಮುಗಿದ ಮೇಲೆ ಸಿನಿಮಾ ಮಾತು ಬಂದೇ ಬರುತ್ತದೆ. 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ್ದು, ಆ ಟಾಕೀಸೇ ಮುಂದೆ ಭೂಮಿಕಾ ಆಗಿದ್ದು. ಅಂಬರೀಷ್ ಪಿಟೀಲು ಚೌಡಯ್ಯನವರ ಮೊಮ್ಮಗ ಎಂಬುದು. ವಿದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಸಿನಿಮಾ 1978ರ 'ಸಿಂಗಾಪುರದಲ್ಲಿ ರಾಜಾಕುಳ್ಳ' ಎಂಬುದು. ಇಂಥವೆಲ್ಲ ನಮಗೆ ನಾಲಿಗೆಯ ತುದಿಯಲ್ಲೇ ಇರುತ್ತವೆ. ಯಾರೂ ಫೋನ್ ತೆಗೆದು ಹುಡುಕುವುದಿಲ್ಲ.

ಆದರೆ ಅದೇ ಗುಂಪಿನಲ್ಲಿ 'ಬಂಗಾರದ ಮನುಷ್ಯ' ಬರೆದವರು ಯಾರು ಎಂದು ಕೇಳಿ ನೋಡಿ. ಒಂದು ಗಳಿಗೆ ಮೌನ. ಆಮೇಲೆ ಯಾರಾದರೂ "ಸಿದ್ಧಲಿಂಗಯ್ಯ ಅಲ್ಲವೇ?" ಅನ್ನುತ್ತಾರೆ. ಸಿದ್ಧಲಿಂಗಯ್ಯನವರು ನಿರ್ದೇಶಿಸಿದವರು. ಬರೆದವರು ಟಿ.ಕೆ. ರಾಮರಾವ್. ರಾಜೀವ ಬಂಡೆ ನೆಲವನ್ನು ಹಸನು ಮಾಡಿದ್ದು ಮೊದಲು ಒಂದು ಕಾದಂಬರಿಯಲ್ಲಿ, ಆಮೇಲೆ ತೆರೆಯ ಮೇಲೆ. ಅದೇ 1972ರ ಕೊನೆಯಲ್ಲಿ ಬಂದ 'ನಾಗರಹಾವು' ಕೂಡ ಕಾದಂಬರಿಯೇ, ಒಂದಲ್ಲ, ಮೂರು. ಒಂದೇ ವರ್ಷದಲ್ಲಿ ಬಂದು ಐವತ್ತು ವರ್ಷ ಕಳೆದರೂ ನಾವು ಮಾತಾಡುವುದನ್ನು ಬಿಡದ ಆ ಎರಡು ಸಿನಿಮಾಗಳೂ ಹುಟ್ಟಿದ್ದು ಪುಸ್ತಕದ ಹೊಟ್ಟೆಯಲ್ಲಿ. ಹಗುರವಾದ ಲೇಖನ ಬರೆಯಲು ಕೂತವಳು ಈ ಎಳೆಯನ್ನೇ ಹಿಡಿದು ಹೊರಟೆ.

ನಮ್ಮಮ್ಮ ತಿಪಟೂರಿನಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯ ಸದಸ್ಯೆ. ದಿನಕ್ಕೆ ಇಷ್ಟು ಪೈಸೆ ಎಂದು ಬಾಡಿಗೆ. ಎರಡು ದಿನದಲ್ಲಿ ಓದಿ ಮುಗಿಸದಿದ್ದರೆ ದುಡ್ಡು ದಂಡ, ಆದ್ದರಿಂದ ಒಂದು ಪುಸ್ತಕ ಮನೆಗೆ ಬಂದರೆ ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಮಾಮಿ ಪಾಳಿಯ ಮೇಲೆ ಓದುತ್ತಿದ್ದರು. ಖಾಕಿ ರಟ್ಟು ಹಾಕಿದ ಆ ಪುಸ್ತಕಗಳ ಅಂಚಿನಲ್ಲಿ ಹಿಂದೆ ಓದಿದವರ ಷರಾ ಬೇರೆ. ಇನ್ನು ವಾರಪತ್ರಿಕೆಯ ಧಾರಾವಾಹಿಗಳು: 'ಪ್ರಜಾಮತ' ಇತ್ತು, 1965ರಲ್ಲಿ 'ಸುಧಾ' ಶುರುವಾಯಿತು. ಕಾದಂಬರಿಯ ಪಾತ್ರಗಳು ಮನೆಯ ನೆಂಟರಂತೆ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ ಕಾಲ ಅದು. ಹಾಗಾಗಿ ಪುಟ್ಟಣ್ಣ ಕಣಗಾಲರೋ ದೊರೈ-ಭಗವಾನ್ ಜೋಡಿಯೋ ಒಂದು ಕಾದಂಬರಿಯನ್ನು ಕೈಗೆತ್ತಿಕೊಂಡರೆ, ಪ್ರೇಕ್ಷಕರು ಆಗಲೇ ಸಿದ್ಧ. ಅಮ್ಮನಂಥವರು ಸಿನಿಮಾಕ್ಕೆ ಹೋಗುತ್ತಿದ್ದದ್ದು ಕಥೆ ತಿಳಿಯಲು ಅಲ್ಲ, ತಾವು ಓದುವಾಗ ಕಂಡ ಮುಖಕ್ಕೂ ತೆರೆಯ ಮೇಲಿನ ಮುಖಕ್ಕೂ ತಾಳೆ ಆಗುತ್ತದೆಯೇ ಎಂದು ನೋಡಲು. ನಿರ್ಮಾಪಕರಿಗೂ ಈ ಲೆಕ್ಕಾಚಾರ ಗೊತ್ತಿತ್ತು. ಹೆಂಗಸರು ಬಂದರೆ ಮನೆಮಂದಿಯೆಲ್ಲ ಬಂದಂತೆ.

ಆ ಓದುಗರಿಗೆ ಎಲ್ಲರಿಗಿಂತ ಹತ್ತಿರದವರು ತ್ರಿವೇಣಿ. ನಿಜ ನಾಮ ಅನಸೂಯಾ ಶಂಕರ್, ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರು. ಪುಟ್ಟಣ್ಣ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಸಿನಿಮಾ 1967ರ 'ಬೆಳ್ಳಿಮೋಡ' ಅವರದೇ ಕಾದಂಬರಿ. ಅದಕ್ಕೂ ಒಂದು ವರ್ಷ ಮೊದಲು ಪುಟ್ಟಣ್ಣ ಮಲಯಾಳದಲ್ಲಿ ಮಾಡಿದ 'ಪೂಚಕ್ಕಣ್ಣಿ' ಕೂಡ ತ್ರಿವೇಣಿಯವರ 'ಬೆಕ್ಕಿನ ಕಣ್ಣು'! ಮಲಯಾಳಿ ಗೆಳೆಯರ ಮುಂದೆ ಹೇಳಿಕೊಳ್ಳಲು ಒಳ್ಳೆಯ ಸಂಗತಿ. ಆಮೇಲೆ 'ಹಣ್ಣೆಲೆ ಚಿಗುರಿದಾಗ', 1971ರಲ್ಲಿ 'ಶರಪಂಜರ'. ಇವುಗಳಲ್ಲಿ ಒಂದನ್ನೂ ತ್ರಿವೇಣಿ ನೋಡಲಿಲ್ಲ. 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ಅವರು ತೀರಿಕೊಂಡರು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ವಾಸಿಯಾಗಿ ಮನೆಗೆ ಬಂದ ಮೇಲೂ ಹುಚ್ಚಿ ಎನ್ನಿಸಿಕೊಳ್ಳುವ ಹೆಣ್ಣಿನ ಕಥೆ 'ಶರಪಂಜರ'. ಬಾಣಂತಿಗೆ ಮಂಕು ಕವಿದರೆ ದೃಷ್ಟಿ ತೆಗೆಯುವುದಷ್ಟೇ ಗೊತ್ತಿದ್ದ ಕಾಲದಲ್ಲಿ ಅದನ್ನು ಕಾಯಿಲೆ ಎಂದು ಕರೆದು, ವಾಸಿಯಾಗುತ್ತದೆ ಎಂದು ಬರೆದವರು ಅವರು. ಕಲ್ಪನಾ ಅವರ ಅಭಿನಯವನ್ನು ನೆನೆದು ಇವತ್ತಿಗೂ ನಮ್ಮಲ್ಲಿ ಅನೇಕರು ಕಣ್ಣು ಒರೆಸಿಕೊಳ್ಳುತ್ತಾರೆ. ಇಲ್ಲಿ ತವರಿನಿಂದ ಯಾರೂ ಬರಲಾಗದೆ ಒಬ್ಬಳೇ ಬಾಣಂತನ ಕಳೆದ ಒಬ್ಬ ತಾಯಿ ಕಳೆದ ವರ್ಷ ನನ್ನಿಂದ ಆ ಪುಸ್ತಕ ತೆಗೆದುಕೊಂಡು ಹೋದರು. ಹಿಂದಿರುಗಿಸುವಾಗ ಪುಸ್ತಕದ ಬಗ್ಗೆ ಏನೂ ಹೇಳಲಿಲ್ಲ. "ಇನ್ನೊಂದು ಇದೆಯಾ?" ಎಂದಷ್ಟೇ ಕೇಳಿದರು.

ಈಗ 'ನಾಗರಹಾವು'. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಹಿರಿಯ ತರಗತಿಯಲ್ಲಿ ಈ ಸಿನಿಮಾದ ಭಾಗಗಳನ್ನು ತೋರಿಸುವ ವಿಚಾರದಲ್ಲಿ ಪೋಷಕರ ನಡುವೆ ಸಣ್ಣ ಜಟಾಪಟಿಯೇ ನಡೆದಿತ್ತು.

ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಈ ಚಿತ್ರ ಮಾಡಿದರು. ನಿರ್ಮಾಪಕರು ಎನ್. ವೀರಾಸ್ವಾಮಿ, ಅಂದರೆ ರವಿಚಂದ್ರನ್ ಅವರ ತಂದೆ. ಅದಕ್ಕೆ ಮುಂಚೆ 'ವಂಶವೃಕ್ಷ'ದಲ್ಲಿ ಸಣ್ಣ ಪಾತ್ರ ಮಾಡಿದ್ದ ಸಂಪತ್ ಕುಮಾರ್ ಎಂಬ ಹುಡುಗ ಇಲ್ಲಿ ವಿಷ್ಣುವರ್ಧನ್ ಆದದ್ದು, ಮಂಡ್ಯದ ಅಮರನಾಥ್ ಜಲೀಲನಾಗಿ ಕಾಲಿಟ್ಟದ್ದು ಎಲ್ಲರಿಗೂ ಗೊತ್ತು. ಚಿತ್ರ ಜನರಿಗೆ ಹುಚ್ಚು ಹಿಡಿಸಿತು, ಮೂಲ ಲೇಖಕರಿಗೆ ಮಾತ್ರ ರುಚಿಸಲಿಲ್ಲ. ತಮ್ಮ ನಾಗರಹಾವನ್ನು ಇವರು ಕೇರೆಹಾವು ಮಾಡಿದರೆಂದು ತ.ರಾ.ಸು. ಬೇಸರಪಟ್ಟರಂತೆ ಎಂಬ ಮಾತು ಸಿನಿಮಾದಷ್ಟೇ ಪ್ರಸಿದ್ಧ. ಎರಡನ್ನೂ ಬಲ್ಲವಳಾಗಿ ನಾನು ಹೇಳುವುದಾದರೆ, ಲೇಖಕರ ಸಿಟ್ಟಿಗೆ ಕಾರಣವಿತ್ತು. ಸಿನಿಮಾದ ರಾಮಾಚಾರಿಯ ಕೋಪವನ್ನು ನಾವು ಹೊರಗಿನಿಂದ ನೋಡಿ ಚಪ್ಪಾಳೆ ಹೊಡೆಯುತ್ತೇವೆ. ಪುಸ್ತಕದಲ್ಲಿ ಆ ಕೋಪದ ಒಳಗೇ ಕೂರಬೇಕು, ಅಲ್ಲಿ ಅಷ್ಟು ಹಿತವಿಲ್ಲ. ಹಾಗೆಂದು ಪುಟ್ಟಣ್ಣ ಕೊಟ್ಟದ್ದು ಕಡಿಮೆಯೇನಲ್ಲ. ಚಿತ್ರದುರ್ಗದ ಕಲ್ಲಿನ ಕೋಟೆಯನ್ನು ಅವರಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ.

ನಾನು ಮಕ್ಕಳಿಗೆ ಮೊದಲು ತೋರಿಸಿದ್ದು ಜಯಂತಿ ಅವರು ಒನಕೆ ಓಬವ್ವನಾಗಿ ಬರುವ ಹಾಡನ್ನು. ಹದಿನೆಂಟನೆಯ ಶತಮಾನ, ಮದಕರಿ ನಾಯಕನ ದುರ್ಗ, ಹೈದರಾಲಿಯ ಮುತ್ತಿಗೆ, ಊಟಕ್ಕೆ ಬಂದ ಕಾವಲುಗಾರ ಗಂಡ, ಕಿಂಡಿಯಲ್ಲಿ ನುಸುಳುವ ಸೈನಿಕರು. ಕಥೆ ಹಿಡಿಸಿತು. ಆಮೇಲೆ ಪ್ರಶ್ನೆ ಬಂತು: "ಟೀಚರ್, ಒನಕೆ ಅಂದರೆ ಬೇಸ್‌ಬಾಲ್ ಬ್ಯಾಟಾ?" ಒನಕೆ ವಿವರಿಸಲು ಒರಳು ಬೇಕು, ಒರಳಿಗೆ ಭತ್ತ ಬೇಕು, ಭತ್ತ ಅಕ್ಕಿಯಾಗುವುದು ಹೇಗೆಂದು ಹೇಳಬೇಕು. ಆ ದಿನದ ಪಾಠ ಅಲ್ಲಿಗೇ ಮುಗಿಯಿತು. ಮುಂದಿನ ವಾರ ಒಬ್ಬ ಹುಡುಗ ತನ್ನ ಅಜ್ಜಿಯ ಜೊತೆ ವಿಡಿಯೋ ಕರೆಯಲ್ಲಿ ಮಾತಾಡಿ, ಹಾಸನದ ಮನೆಯ ಅಟ್ಟದ ಮೇಲಿದ್ದ ಒನಕೆಯ ಫೋಟೋ ತರಿಸಿಕೊಂಡು ಬಂದಿದ್ದ.

ಜಟಾಪಟಿ ಎದ್ದದ್ದು ಅಲಮೇಲುವಿನ ವಿಚಾರಕ್ಕೆ. "ಹುಡುಗಿಯನ್ನು ಹಿಂಬಾಲಿಸಿ ಕಾಡುವ ಹುಡುಗನನ್ನು ನಮ್ಮ ಮಕ್ಕಳಿಗೆ ನಾಯಕ ಅಂತ ಯಾಕೆ ತೋರಿಸಬೇಕು?" ಎಂದು ಒಬ್ಬ ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. "ಅದು ಆ ಕಾಲದ ಸಿನಿಮಾ, ಹಾಗೇ ನೋಡಬೇಕಮ್ಮಾ" ಎಂದು ಇನ್ನೊಬ್ಬರು. ಕೊನೆಗೆ ಹದಿನಾಲ್ಕು ತುಂಬಿದವರಿಗೆ ಮಾತ್ರ, ಪೋಷಕರ ಒಪ್ಪಿಗೆ ಪಡೆದು ಪೂರ್ತಿ ತೋರಿಸಿದೆವು. ಆದರೆ ಮಕ್ಕಳು ಸಿಟ್ಟಾದದ್ದು ನಾವು ಹೆದರಿದ ಜಾಗದಲ್ಲಿ ಅಲ್ಲ. ರಾಮಾಚಾರಿಯ ತುಂಟತನವನ್ನು ಅವರು ನಕ್ಕು ಬಿಟ್ಟರು. ಅವರ ಸಿಟ್ಟೆಲ್ಲ ಚಾಮಯ್ಯ ಮೇಷ್ಟ್ರ ಮೇಲೆ! ಸಮಾಜದ ಕಟ್ಟುಪಾಡಿನ ಹೆಸರಿನಲ್ಲಿ ಹುಡುಗನ ಮನಸ್ಸು ತಿರುಗಿಸಿ, ಅಲಮೇಲುವನ್ನು ಬಿಟ್ಟುಕೊಡುವಂತೆ ಮಾಡಿದವರು ಅವರಲ್ಲವೇ? ಆಕೆ ಮುಂದೆ ಗಂಡನಿಂದಲೇ ಕೆಟ್ಟ ದಾರಿಗೆ ದೂಡಿಸಿಕೊಂಡಳಲ್ಲ, ಅದಕ್ಕೆ ಹೊಣೆ ಯಾರು? ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಮತ್ತೆ ಅದೇ ಹೇಳಲು ಬಂದರಲ್ಲ?

ನಾನು ತಬ್ಬಿಬ್ಬಾದೆ. ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು ನಮ್ಮ ಪೀಳಿಗೆಗೆ ಗುರು ಎಂಬ ಪದದ ಅರ್ಥವೇ ಆಗಿದ್ದರು. ಶಿಕ್ಷಕರ ದಿನಾಚರಣೆಗೆ ಅವರ ಅನುಕರಣೆ ಮಾಡದ ಶಾಲೆ ಇರಲಿಲ್ಲ. ಆ ಮೇಷ್ಟ್ರ ಪ್ರೀತಿಯೇ ಶಿಷ್ಯನನ್ನು ಬಂಡೆಯ ತುದಿಗೆ ಕರೆದೊಯ್ದಿತು ಎಂದು ಹದಿನೈದರ ಹುಡುಗಿಯೊಬ್ಬಳು ತಡವರಿಸುವ ಕನ್ನಡದಲ್ಲಿ, ಮಧ್ಯೆ ಮಧ್ಯೆ ಇಂಗ್ಲಿಷಿಗೆ ಜಾರುತ್ತ ವಾದಿಸಿದಳು. ತರಗತಿಯಲ್ಲಿದ್ದ ಇಬ್ಬರು ಪೋಷಕರು ಮೇಷ್ಟ್ರ ಪರ ನಿಂತರು. ನಲವತ್ತು ನಿಮಿಷ ನಡೆದ ಆ ವಾದ ಈ ವರ್ಷ ನಮ್ಮ ಶಾಲೆಯಲ್ಲಿ ನಡೆದ ಅತ್ಯಂತ ಉದ್ದವಾದ ಕನ್ನಡ ಸಂಭಾಷಣೆ ಎಂದು ಧೈರ್ಯವಾಗಿ ಹೇಳಬಲ್ಲೆ. ಮೇಷ್ಟ್ರು ತಪ್ಪೋ ಸರಿಯೋ, ತೀರ್ಮಾನವಾಗಲಿಲ್ಲ. ಪುಸ್ತಕದಲ್ಲಿ ಏನಿದೆ ಎಂದು ಆ ಹುಡುಗಿ ಕೇಳಿದಳು. ನಾನು ಬೇಕೆಂದೇ ಹೇಳಲಿಲ್ಲ.

ತ.ರಾ.ಸು. ಅವರ ಇನ್ನೊಂದು ಕಾದಂಬರಿ 'ಹಂಸಗೀತೆ'ಯ ಪ್ರಯಾಣ ಮತ್ತೂ ಸ್ವಾರಸ್ಯದ್ದು. ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಈ ಕಥೆ ಕನ್ನಡಕ್ಕಿಂತ ಮೊದಲು ಹಿಂದಿಯಲ್ಲಿ ಸಿನಿಮಾ ಆಯಿತು: 1956ರ 'ಬಸಂತ್ ಬಹಾರ್'. ಅದರಲ್ಲಿ ಮನ್ನಾ ಡೇ ಜೊತೆ ಪೈಪೋಟಿಯ ಹಾಡು ಹಾಡಿದವರು ಗದಗಿನ ಭೀಮಸೇನ ಜೋಶಿ. ಕನ್ನಡದ ಕಥೆ, ಕನ್ನಡಿಗನ ಕಂಠ, ಆದರೆ ಸಿನಿಮಾ ಹಿಂದಿ. ಕನ್ನಡದ 'ಹಂಸಗೀತೆ' ಬಂದದ್ದು ಹತ್ತೊಂಬತ್ತು ವರ್ಷಗಳ ನಂತರ, 1975ರಲ್ಲಿ. ಜಿ.ವಿ. ಅಯ್ಯರ್ ನಿರ್ದೇಶನ, ಅನಂತ್‌ನಾಗ್ ಅಭಿನಯ. ಅದರ ಹಾಡುಗಾರಿಕೆಗೆ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಹೀಗೆ ಪಟ್ಟಿ ಮಾಡುತ್ತ ಹೋದರೆ ಸಂಚಿಕೆಯ ಪುಟ ಸಾಲದು. 'ಮಯೂರ' ದೇವುಡು ಅವರದು. 'ಬೂತಯ್ಯನ ಮಗ ಅಯ್ಯು' ಗೊರೂರರದು. 'ಗೆಜ್ಜೆಪೂಜೆ' ಎಂ.ಕೆ. ಇಂದಿರಾ ಅವರದು, ಆಕೆ ಕಾದಂಬರಿ ಬರೆಯತೊಡಗಿದ್ದೇ ನಲವತ್ತೈದರ ಆಸುಪಾಸಿನಲ್ಲಿ. 'ಎರಡು ಕನಸು', 'ಹೊಸ ಬೆಳಕು' ವಾಣಿ ಅವರವು. 'ಎಡಕಲ್ಲು ಗುಡ್ಡದ ಮೇಲೆ', 'ಬಯಲುದಾರಿ', 'ಗಿರಿಕನ್ಯೆ' ಭಾರತೀಸುತರವು. ಎಡಕಲ್ಲು ಗುಡ್ಡ ಇರುವುದು ಕೇರಳದ ವಯನಾಡಿನಲ್ಲಿ, ಆ ಚಿತ್ರದಿಂದಲೇ ಹೆಸರಾದ ನಟ ಚಂದ್ರಶೇಖರ್ ಮುಂದೆ ನೆಲೆಸಿದ್ದು ಕೆನಡಾದಲ್ಲಿ.

ನಮ್ಮಂಥ ಹೊರದೇಶದ ಕನ್ನಡಿಗರು ಬಿಡದೆ ತಿಳಿದಿರಬೇಕಾದದ್ದು ಮಾತ್ರ 'ಸಂಸ್ಕಾರ'ದ ಕಥೆ. ಯು.ಆರ್. ಅನಂತಮೂರ್ತಿ ಆ ಕಾದಂಬರಿಯನ್ನು ಬರೆದದ್ದು ತೀರ್ಥಹಳ್ಳಿಯಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಪಿಎಚ್‌ಡಿ ಮಾಡುತ್ತಿದ್ದಾಗ. ಅಲ್ಲಿ ತಮಗೆ ಮಾರ್ಗದರ್ಶಕರಾಗಿದ್ದ ಲೇಖಕ ಮಾಲ್ಕಂ ಬ್ರಾಡ್ಬರಿ ಅವರ ಜೊತೆ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ಎಂಬ ಸ್ವೀಡಿಷ್ ಸಿನಿಮಾವನ್ನು ಅಡಿಬರಹವಿಲ್ಲದೆ ನೋಡಿದ್ದು, ಆಮೇಲಿನ ಮಾತುಕತೆ ಈ ಕಾದಂಬರಿಗೆ ದಾರಿಯಾದದ್ದು, ಇದನ್ನು ಅವರೇ ಹೇಳಿಕೊಂಡಿದ್ದಾರೆ. ಪ್ಲೇಗು ಬಡಿದ ಯುರೋಪಿನ ಸಿನಿಮಾ ನೋಡಿ ಅವರಿಗೆ ನೆನಪಾದದ್ದು ಪ್ಲೇಗು ಬಡಿದ ಮಲೆನಾಡಿನ ಅಗ್ರಹಾರ! ಪುಸ್ತಕ 1965ರಲ್ಲಿ ಬಂತು.

ಅದನ್ನು 1970ರಲ್ಲಿ ಸಿನಿಮಾ ಮಾಡಿದವರು ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನ ಪಾತ್ರ ಮಾಡಿದವರು ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ಸಂಗೀತ ರಾಜೀವ ತಾರಾನಾಥ. ಶೃಂಗೇರಿ ಹತ್ತಿರದ ವೈಕುಂಠಪುರ ಎಂಬ ಹಳ್ಳಿಯಲ್ಲಿ ಚಿತ್ರೀಕರಣ. ಕ್ಯಾಮೆರಾ ಹಿಡಿದವರು ಯಾರು ಗೊತ್ತೇ? ಟಾಮ್ ಕೋವನ್, ನಾವಿರುವ ಈ ಆಸ್ಟ್ರೇಲಿಯಾದವರು. ಕನ್ನಡದ ಒಂದಕ್ಷರ ಬಾರದ ಪಡಸಾಲೆಗೆ ಬಂದು, ಕಪ್ಪುಬಿಳುಪಿನಲ್ಲಿ ಆ ಅಗ್ರಹಾರದ ಬೀದಿ, ಹೊಸ್ತಿಲು, ಮುಖಗಳನ್ನು ಅವರು ಹಿಡಿದಿಟ್ಟರು. ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಹಿಡಿಯಿತು, ಆಮೇಲೆ ಕೇಂದ್ರ ಸರ್ಕಾರ ತಡೆ ತೆಗೆಯಿತು, ಆ ವರ್ಷದ ಸ್ವರ್ಣಕಮಲವೂ ಅದಕ್ಕೇ ಬಂತು. ಕನ್ನಡಕ್ಕೆ ಅದೇ ಮೊದಲನೆಯದು. 1976ರಲ್ಲಿ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್. ಚಂದ್ರಿಯಾಗಿದ್ದ ಸ್ನೇಹಲತಾ ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಸೇರಿ, ಆಸ್ತಮಾದಿಂದ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಸಿನಿಮಾ ರಸಪ್ರಶ್ನೆಗಳಲ್ಲಿ ಈ ಸಂಗತಿ ಬರುವುದಿಲ್ಲ.

ಸ್ವರ್ಣಕಮಲದ ಮಾತು ಬಂದದ್ದಕ್ಕೆ ಹೇಳುತ್ತೇನೆ. 'ಸಂಸ್ಕಾರ', 'ಚೋಮನ ದುಡಿ', 'ಘಟಶ್ರಾದ್ಧ', 'ತಬರನ ಕಥೆ', 'ತಾಯಿ ಸಾಹೇಬ', 'ದ್ವೀಪ', ಹೀಗೆ ಆರು ಕನ್ನಡ ಚಿತ್ರಗಳಿಗೆ ದೇಶದ ಅತ್ಯುತ್ತಮ ಚಿತ್ರವೆಂದು ಅದು ಬಂದಿದೆ. ಕೊನೆಯ ನಾಲ್ಕೂ ಗಿರೀಶ ಕಾಸರವಳ್ಳಿಯವರವು ಎಂಬುದನ್ನು ನಮ್ಮ ಕಾರಿಡಾರ್ ಪಂಡಿತರು ಹೇಳಬಲ್ಲರು. ಆರಕ್ಕೆ ಆರೂ ಕನ್ನಡದ ಕಥೆ ಕಾದಂಬರಿಗಳಿಂದ ಬಂದವು: ಅನಂತಮೂರ್ತಿ ಎರಡು ಸಲ, ಶಿವರಾಮ ಕಾರಂತ, ಪೂರ್ಣಚಂದ್ರ ತೇಜಸ್ವಿ, ರಂ.ಶಾ. ಲೋಕಾಪುರ, ನಾ. ಡಿಸೋಜ.

ಈ ನಂಟು ಯಾವಾಗ ಸಡಿಲವಾಯಿತು? ಒಂದೇ ದಿನದಲ್ಲಿ ಅಲ್ಲ. 1987ರಲ್ಲಿ 'ಪ್ರೇಮಲೋಕ' ಬಂದಾಗ ನಾವು ಹೈಸ್ಕೂಲು. ಆ ಕ್ಯಾಸೆಟ್ಟು ಸವೆಯುವ ತನಕ ಕೇಳಿದವರಲ್ಲಿ ನಾನೂ ಒಬ್ಬಳು, ಅದರ ಬಗ್ಗೆ ಕೆಟ್ಟದ್ದು ಕೇಳಲು ತಯಾರಿಲ್ಲ. ಆದರೆ ಅದರ ಎಳೆ ಬಂದದ್ದು ಕನ್ನಡದ ಕಾದಂಬರಿಯಿಂದಲ್ಲ, 'ಗ್ರೀಸ್ 2' ಎಂಬ ಅಮೆರಿಕನ್ ಸಿನಿಮಾದಿಂದ. ಅಷ್ಟರಲ್ಲಿ ಮನೆಗೆ ಟಿ.ವಿ. ಬಂದಿತ್ತು, ಸರ್ಕ್ಯುಲೇಟಿಂಗ್ ಲೈಬ್ರರಿಯ ಜಾಗದಲ್ಲಿ ವಿಡಿಯೋ ಕ್ಯಾಸೆಟ್ ಅಂಗಡಿ ಬಂದಿತ್ತು. ಅಮ್ಮ ಪುಸ್ತಕ ಓದಿ ಸಿನಿಮಾ ನೋಡಿದರು. ನಾವು ಭಾನುವಾರ ಸಂಜೆ ದೂರದರ್ಶನದಲ್ಲಿ ಅದೇ ಸಿನಿಮಾ ನೋಡಿ, ಪುಸ್ತಕ ಇದೆ ಎಂದು ಟೈಟಲ್ ಕಾರ್ಡಿನಲ್ಲಿ ಓದಿದೆವು. ನಮ್ಮ ಮಕ್ಕಳು ಆ ಸಿನಿಮಾದ ಹಾಡಿನ ತುಣುಕುಗಳನ್ನು ಫೋನಿನಲ್ಲಿ ನೋಡುತ್ತಾರೆ.

ಇದಕ್ಕೆ ತದ್ವಿರುದ್ಧವಾದ ಒಂದು ಸಿನಿಮಾ ಇದೆ. 1985ರ 'ಬೆಟ್ಟದ ಹೂವು', ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಮೂಲ ಕಥೆ ಇಂಗ್ಲಿಷಿನದು, ಶರ್ಲಿ ಅರೋರಾ ಅವರ 'ವಾಟ್ ದೆನ್, ರಾಮನ್?' ಎಂಬ ಮಕ್ಕಳ ಕಾದಂಬರಿ. ಕನ್ನಡಕ್ಕೆ ಬಂದಾಗ ಅದರ ಹುಡುಗ ರಾಮು ಆದ, ಪುಟ್ಟ ಪುನೀತ್ ಆ ಪಾತ್ರಕ್ಕೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದ. ಕಾಡಿನ ಹೂವು ಹುಡುಕಿ ಮಾರಿ ಕಾಸಿಗೆ ಕಾಸು ಕೂಡಿಸುವ ಆ ಹುಡುಗನಿಗೆ ಬೇಕಾದದ್ದು ಆಟಿಕೆಯಲ್ಲ, ಸೈಕಲ್ಲಲ್ಲ. ಅಂಗಡಿಯಲ್ಲಿ ಕಂಡ ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ'. ಮನೆಯ ಬಡತನಕ್ಕೂ ಆ ಪುಸ್ತಕದ ಆಸೆಗೂ ನಡುವೆ ಅವನು ನಲುಗುವುದೇ ಕಥೆ. ನಮ್ಮ ಕಿರಿಯ ತರಗತಿಗೆ ಇದನ್ನು ತೋರಿಸಿದಾಗ ಒಬ್ಬ ಏಳು ವರ್ಷದವನು, "ಲೈಬ್ರರಿಯಿಂದ ತಗೊಳ್ಳಬಹುದಿತ್ತಲ್ಲ?" ಎಂದ. ಅ ಹುಡುಗನ ಊರಿನಲ್ಲಿ ಲೈಬ್ರರಿ ಇರಲಿಲ್ಲ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ.

ನಮ್ಮ ಶಾಲೆಗೆ ಲೈಬ್ರರಿ ಇದೆ. ಲೈಬ್ರರಿ ಅಂದರೆ ಒಂದು ಕಪಾಟು, ಅದರ ಬೀಗದ ಕೈ ನನ್ನ ಬಳಿ. ಈ ಲೇಖನದಲ್ಲಿ ಬಂದ ಪುಸ್ತಕಗಳಲ್ಲಿ ಎಂಟು ಅಲ್ಲಿವೆ: 'ಬೆಳ್ಳಿಮೋಡ', 'ಶರಪಂಜರ', 'ಹಂಸಗೀತೆ', 'ಬಂಗಾರದ ಮನುಷ್ಯ', 'ಮಯೂರ', 'ಸಂಸ್ಕಾರ', 'ಚೋಮನ ದುಡಿ', 'ನಾಗರಹಾವು'. ಚಾಮಯ್ಯ ಮೇಷ್ಟ್ರ ಮೇಲೆ ಮೊಕದ್ದಮೆ ಹೂಡಿದ ಹುಡುಗಿ ಈ ವರ್ಷ ಪದವಿ ಪಡೆದು ಹೊರಡುತ್ತಿದ್ದಾಳೆ. 'ನಾಗರಹಾವು' ಈಗ ಅವಳ ಹತ್ತಿರವೇ ಇದೆ, ವಾರಕ್ಕೆ ನಾಲ್ಕು ಪುಟದಂತೆ ಅಜ್ಜನ ಜೊತೆ ಫೋನಿನಲ್ಲಿ ಗಟ್ಟಿಯಾಗಿ ಓದುತ್ತಿದ್ದಾಳಂತೆ. ಮುಂದಿನ ಎರಡು ಭಾಗ ನಮ್ಮಲ್ಲಿಲ್ಲ. ಡಿಸೆಂಬರ್ ರಜೆಗೆ ಬೆಂಗಳೂರಿಗೆ ಹೋಗುವವರು ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ. 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ತಲಾ ಒಂದು ಪ್ರತಿ ಸಾಕು, ರಟ್ಟು ಹರಿದಿದ್ದರೂ ಪರವಾಗಿಲ್ಲ.